ಮೀಸಲು ಪ್ರದೇಶದ ಸ್ವಯಂಸೇವಕ ಕೇಂದ್ರವನ್ನು ಸುಧಾರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಕ್ಕರೆ ಬೆಳ್ಳೂರಿನಂಥ ಸಮುದಾಯ ಮೀಸಲು, ಮಾಗಡಿ ಕೆರೆ, ಅಂಕಸಮುದ್ರ, ಯಲಹಂಕದ ಪುಟ್ಟೇನಹಳ್ಳಿಯಂಥ ಸಂರಕ್ಷಣಾ ಮೀಸಲು, ಇನ್ನೂ ಯಾವ ಪಟ್ಟಿಗೂ ಸೇರದ ನೂರಾರು ಊರಕೆರೆ, ಗುಂಡುತೋಪು: ಇಂಥ ಕಡೆ ಕೆಲಸ ಮಾಡುವ ಗುಂಪುಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

## ಶುರುವಿನ ಪ್ರಶ್ನೆಗಳು

ಕೇಂದ್ರ ಅಂದ್ಮೇಲೆ ಒಂದು ಕಟ್ಟಡ ಕಟ್ಲೇಬೇಕಾ ಸರ್?

ಬೇಕಿಲ್ಲ. ಮಳೆಗೆ ನೆನೆಯದ ಹತ್ತಡಿಗೆ ಹತ್ತಡಿ ಜಾಗ, ಬೀಗ ಬೀಳುವ ಒಂದು ದೊಡ್ಡ ಟ್ರಂಕು, ಕುಡಿಯುವ ನೀರು, ವಾರಕ್ಕೊಮ್ಮೆ ತಪ್ಪದೆ ತೆರೆಯುವ ಹೊತ್ತು. ಇಷ್ಟಿದ್ದರೆ ಕೇಂದ್ರ ನಡೆಯುತ್ತದೆ. ಕಟ್ಟಡ ಮೊದಲು ಬಂದು ಕೆಲಸ ಆಮೇಲೆ ಹುಟ್ಟಲಿ ಎಂದು ಕಾದ ಕಡೆಗಳಲ್ಲಿ ಉದ್ಘಾಟನೆಯ ಕಲ್ಲು ಮಾತ್ರ ಉಳಿದಿರುವುದು ಹೊಸ ಸಂಗತಿಯೇನಲ್ಲ.

ಯಾವ ಕೇಂದ್ರ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಬೀಗದ ಕೈ ಯಾರ ಹತ್ತಿರ ಇದೆ? ಒಬ್ಬರ ಹತ್ತಿರ ಮಾತ್ರ ಇದ್ದರೆ ಅವರ ಮನೆಯ ಮದುವೆ, ಜ್ವರ, ವರ್ಗಾವಣೆ ಎಲ್ಲವೂ ಕೇಂದ್ರದ ರಜೆಯಾಗುತ್ತದೆ. ಮೂರು ಕೈ ಮಾಡಿಸಿ. ಒಂದು ಆ ವಾರದ ಮುಂದಾಳಿಗೆ, ಒಂದು ಅರಣ್ಯ ಇಲಾಖೆಯ ವಾಚರ್‌ಗೆ, ಇನ್ನೊಂದು ಹತ್ತಿರದ ಅಂಗಡಿಗೋ ಮನೆಗೋ. ತೆಗೆದುಕೊಂಡವರು, ಕೊಟ್ಟವರು ಅಲ್ಲೇ ನೇತುಹಾಕಿದ ಪುಸ್ತಕದಲ್ಲಿ ಬರೆಯಲಿ.

ನಮ್ಮದು ಅಭಯಾರಣ್ಯನೋ ಮೀಸಲೋ ಗೊತ್ತಿಲ್ಲ. ಅದರಿಂದ ನಮ್ಮ ಕೆಲಸಕ್ಕೇನು ವ್ಯತ್ಯಾಸ?

ತುಂಬಾ ವ್ಯತ್ಯಾಸ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವು ಬೇರೆ ಬೇರೆ. ಅಭಯಾರಣ್ಯದೊಳಗೆ ಕಾಲಿಡುವುದಕ್ಕೇ 27 ಮತ್ತು 28ನೇ ಸೆಕ್ಷನ್‌ಗಳ ನಿರ್ಬಂಧವಿದೆ. ಅನುಮತಿ ಇಲ್ಲದೆ ಒಂದು ಪೊದೆ ಕಡಿದರೂ ಅದು ಅಪರಾಧವಾಗಬಹುದು. ಸಂರಕ್ಷಣಾ ಮೀಸಲು ಸರ್ಕಾರದ ಜಮೀನಿನಲ್ಲಿ, ಸ್ಥಳೀಯರ ಜೊತೆ ಸಮಾಲೋಚಿಸಿ ಘೋಷಣೆಯಾಗುವುದು (36ಎ). ಸಮುದಾಯ ಮೀಸಲು ಖಾಸಗಿ ಅಥವಾ ಸಮುದಾಯದ ಜಮೀನಿನಲ್ಲಿ, ಜನ ತಾವಾಗಿ ಮುಂದೆ ಬಂದಾಗ ಆಗುವುದು (36ಸಿ). ಈ ಎರಡೂ ಬಗೆ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು.

ಸಮುದಾಯ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರುತ್ತದೆ. ಸ್ವಯಂಸೇವಕರ ಯೋಜನೆ ಆ ಸಮಿತಿಯ ನಡಾವಳಿಯಲ್ಲಿ ದಾಖಲಾಗಲಿ. ಬರೀ ಕೆರೆಯಾಗಿದ್ದರೆ ಒಡೆಯರು ಯಾರೆಂದು ಮೊದಲು ನೋಡಿ: ಗ್ರಾಮ ಪಂಚಾಯಿತಿಯೋ, ಸಣ್ಣ ನೀರಾವರಿ ಇಲಾಖೆಯೋ, ನಗರಾಡಳಿತವೋ. ಎಲ್ಲಿಯೇ ಆದರೂ ವಲಯ ಅರಣ್ಯಾಧಿಕಾರಿಗೆ ವರ್ಷಕ್ಕೊಂದು ಪತ್ರ ಕೊಟ್ಟು, ಯಾವ ತಿಂಗಳು, ಯಾವ ಜಾಗದಲ್ಲಿ, ಯಾವ ಕೆಲಸ, ಎಷ್ಟು ಜನ ಎಂದು ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಧಿಕಾರಿ ಬದಲಾದಾಗ ಬಾಯಿಮಾತಿನ ಒಪ್ಪಿಗೆಯೂ ಅವರ ಜೊತೆಗೇ ಹೋಗುತ್ತದೆ.

ವಾರದಲ್ಲಿ ಎಷ್ಟು ದಿನ ತೆರೆದಿಡಬೇಕು?

ಒಂದೇ ದಿನ, ಆದರೆ ಅದೇ ದಿನ, ಅದೇ ಹೊತ್ತು. ಬೇಸಿಗೆಯಲ್ಲಿ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ ಸಾಕು. ನಾಲ್ಕೇ ಜನ ಬಂದರೂ ತೆರೆಯಬೇಕು. "ಈ ವಾರ ಇದೆಯಾ?" ಎಂದು ಫೋನ್ ಮಾಡಿ ಕೇಳುವ ಸ್ಥಿತಿ ಬಂದರೆ ಅರ್ಧ ಜನ ಫೋನ್ ಮಾಡುವುದಿಲ್ಲ, ಬರುವುದೂ ಇಲ್ಲ.

## ಜಾಗ, ನೀರು, ಬೆಳಕು

ಪಂಚಾಯಿತಿಯವರು ಹಳೇ ಪಂಪ್‌ಹೌಸ್ ಕೊಟ್ಟಿದ್ದಾರೆ. ಮೊದಲು ಏನನ್ನ ರಿಪೇರಿ ಮಾಡಿಸೋದು?

ಸೂರು, ಬಾಗಿಲು, ಕಪಾಟು. ಬಣ್ಣ, ಗೋಡೆಚಿತ್ರ, ನಾಮಫಲಕ ಎಲ್ಲ ಆಮೇಲೆ.

ಸೂರು ಸೋರುತ್ತಿದ್ದರೆ ಸಲಕರಣೆಗೆ ತುಕ್ಕು, ಕಾಗದಕ್ಕೆ ಬೂಷ್ಟು. ಬಾಗಿಲಿನ ಅಡಿಯ ಸಂದು ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಸಂದಿನಲ್ಲಿ ಇಲಿ ನುಗ್ಗುತ್ತದೆ, ಇಲಿಯ ಹಿಂದೆ ಹಾವು. ತಗಡಿನ ಪಟ್ಟಿ ಹೊಡೆದರೆ ಸಾಕು. ಗವಾಕ್ಷಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಗೋಡೆಯ ಪಕ್ಕ ಇಟ್ಟಿಗೆ, ಹಂಚು, ಒಣಕಟ್ಟಿಗೆ ಒಟ್ಟಬೇಡಿ. ಕಪಾಟು ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಬಂದರೆ ಆ ಸಂದಿನಲ್ಲಿ ಕಣ್ಣಿಗೆ ಬೀಳುತ್ತದೆ. ಹಳೇ ಸೂರು ಕಲ್ನಾರಿನ ಶೀಟಾಗಿದ್ದರೆ ಅದಕ್ಕೆ ತೂತು ಕೊರೆಯುವುದು, ಒಡೆಯುವುದು ಬೇಡ. ಆ ದೂಳು ಶ್ವಾಸಕೋಶಕ್ಕೆ ವಿಷ.

ಹಕ್ಕಿಗಳು ಗೂಡು ಕಟ್ಟುವ ಮರ ಹತ್ತಿರದಲ್ಲಿದ್ದರೆ ಕೊರೆಯುವ, ಕುಟ್ಟುವ ಕೆಲಸವನ್ನೆಲ್ಲ ಮರಿಗಳು ಹಾರಿಹೋದ ಮೇಲೆ ಇಟ್ಟುಕೊಳ್ಳಿ.

ನಮ್ ಕಡೆ ಬ್ಯಾಸಗ್ಯಾಗ ಹನಿ ನೀರ ಇರಂಗಿಲ್ರಿ. ಟ್ಯಾಂಕರ್ ತರಸೂದ ಒಂದ ದಾರಿ ಏನ್ರಿ?

ಸೂರಿನ ಮೇಲೆ ಬೀಳುವ ಮಳೆಯ ಲೆಕ್ಕ ಮೊದಲು ಹಾಕಿ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30 ಚದರ ಮೀಟರ್ ಸೂರು, ವರ್ಷಕ್ಕೆ 600 ಮಿ.ಮೀ. ಮಳೆ ಎಂದಿಟ್ಟುಕೊಳ್ಳಿ: 18,000 ಲೀಟರ್. ಆವಿ, ಸೋರಿಕೆ ಕಳೆದು ಕೈಗೆ ಸಿಗುವುದು ನೂರಕ್ಕೆ ಎಂಬತ್ತು ಪಾಲು, ಅಂದರೆ 14,400 ಲೀಟರ್. ವಾರಕ್ಕೊಮ್ಮೆ ಬರುವ 25 ಜನಕ್ಕೆ ಕುಡಿಯಲು, ಕೈ ತೊಳೆಯಲು ತಲಾ 5 ಲೀಟರಿನಂತೆ ವಾರಕ್ಕೆ 125 ಲೀಟರ್. ಡಿಸೆಂಬರಿನಿಂದ ಮೇವರೆಗಿನ 26 ವಾರಕ್ಕೆ 3,250 ಲೀಟರ್. ಎರಡು ಸಾವಿರ ಲೀಟರಿನ ಎರಡು ಟ್ಯಾಂಕು ಇದ್ದರೆ ಬೇಸಿಗೆ ದಾಟುತ್ತದೆ.

ಕೆಡುವುದು ಎಲ್ಲಿ ಅಂದರೆ ಮೊದಲ ಮಳೆಯಲ್ಲಿ. ಸೂರಿನ ದೂಳು, ಹಕ್ಕಿಯ ಹಿಕ್ಕೆ ಎಲ್ಲ ಟ್ಯಾಂಕಿಗೆ ಇಳಿಯುತ್ತದೆ. ಅದಕ್ಕೆ ಇಳಿಪೈಪಿನ ಪಕ್ಕ ತಳ ಮುಚ್ಚಿದ ಆರಿಂಚಿನ ಪೈಪನ್ನು ಎರಡು ಮೀಟರ್ ಉದ್ದ ನಿಲ್ಲಿಸಿ. ಅದರಲ್ಲಿ ಸುಮಾರು 35 ಲೀಟರ್ ಹಿಡಿಯುತ್ತದೆ; ಮೊದಲ ಒಂದು ಮಿಲಿಮೀಟರ್ ಮಳೆಯ ಕೊಳೆ ಅಲ್ಲೇ ನಿಂತು, ಆಮೇಲಿನ ನೀರು ಟ್ಯಾಂಕಿಗೆ ಹೋಗುತ್ತದೆ. ಪ್ರತಿ ಮಳೆಯ ನಂತರ ತಳದ ಬಿರಡೆ ತೆಗೆದು ಖಾಲಿ ಮಾಡುವುದನ್ನು ಯಾರಾದರೂ ಮರೆತರೆ ಇಡೀ ವ್ಯವಸ್ಥೆ ದಂಡ. ಟ್ಯಾಂಕಿಗೆ ಬಿಸಿಲು ಒಳಗಿಳಿಯಬಾರದು, ತುಂಬಿ ಹೊರಚೆಲ್ಲುವ ಬಾಯಿಗೆ ಸೊಳ್ಳೆ ಜಾಲರಿ ಇರಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಿಡಿ.

ಹೆಣ್ಣುಮಕ್ಕಳು ಒಂದೆರಡು ಸಲ ಬಂದು ನಿಲ್ಲಿಸಿಬಿಡ್ತಾರೆ. ಆಸಕ್ತಿ ಕಮ್ಮಿನಾ?

ಶೌಚಾಲಯ ಇದೆಯೇ ನೋಡಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಲ್ಲೇ ಇರುತ್ತದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ ಅಷ್ಟೆ.

ಒಂದು ಮೀಟರ್ ಆಳ, ಒಂದು ಮೀಟರ್ ಅಗಲದ ಜೋಡಿಗುಂಡಿ ಶೌಚಾಲಯ ಸಣ್ಣ ಕೇಂದ್ರಕ್ಕೆ ಸಾಕು. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು. ಆದರೆ ಕೆರೆಯಂಚಿನಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ. ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಎರಡು ಮೀಟರ್ ಒಣಮಣ್ಣು ಇಲ್ಲದಿದ್ದರೆ ಕೊಳಕು ನೇರ ಕೆರೆಗೆ. ಅಂಥ ಕಡೆ ಗುಂಡಿ ತೋಡದೆ, ಏರಿಯ ಆಚೆ ಎತ್ತರದ ಜಾಗ ಹುಡುಕಿ, ಇಲ್ಲವೇ ಹತ್ತಿರದ ಶಾಲೆಯ ಶೌಚಾಲಯ ಬಳಸಲು ಮಾತಾಡಿಕೊಂಡು ಅದನ್ನು ಚೊಕ್ಕಟವಾಗಿಡುವ ಹೊಣೆ ನೀವೇ ಹೊರಿ. ಒಳಗೊಂದು ಮೊಳೆ, ಚಿಲಕ, ಮುಚ್ಚಳವಿರುವ ಡಬ್ಬಿ, ಬಕೆಟ್ಟು ಇರಲಿ.

ಕರೆಂಟ್ ಇಲ್ಲ. ಸೋಲಾರ್ ಎಷ್ಟು ವ್ಯಾಟ್ ಬೇಕು?

ಐದು ವ್ಯಾಟಿನ ಮೂರು ದೀಪ ನಾಲ್ಕು ಗಂಟೆ ಉರಿದರೆ 60 ವ್ಯಾಟ್‌ಅವರ್, ಹತ್ತು ಫೋನ್ ಚಾರ್ಜ್ ಆಗಲು ಸುಮಾರು 150. ಒಟ್ಟು 210. ನೂರು ವ್ಯಾಟಿನ ಒಂದು ಪ್ಯಾನೆಲ್, 12 ವೋಲ್ಟಿನ 40 ಆಂಪಿಯರ್‌ಅವರ್ ಬ್ಯಾಟರಿ ಸಾಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಬೇಗ ಸಾಯುತ್ತದೆ. ದೀಪ ಹಳದಿ ಬಣ್ಣದ್ದು, ನೆಲಕ್ಕೆ ಮುಖ ಮಾಡಿದ್ದು ಇರಲಿ. ಗೂಡಿನ ಮರಗಳ ಕಡೆ ಬೆಳಕು ಬೀಳಬಾರದು.

## ಸಲಕರಣೆ

ಇಪ್ಪತ್ತೈದು ಜನಕ್ಕೆ ಇಪ್ಪತ್ತೈದು ಗುದ್ದಲಿ ತರಬೇಕಾ?

ತಂದರೆ ಹದಿನೈದು ಗುದ್ದಲಿ ಮೂಲೆಯಲ್ಲಿ ತುಕ್ಕು ಹಿಡಿಯುತ್ತವೆ. ಎಲ್ಲರೂ ಏಕಕಾಲಕ್ಕೆ ಅಗೆಯುವುದಿಲ್ಲ. ಆರು ಗುದ್ದಲಿ, ನಾಲ್ಕು ಪಿಕಾಸಿ, ಮೂರು ಹಾರೆ, ಎಂಟು ಕುಡುಗೋಲು, ಮೂರು ಮಚ್ಚು, ಎರಡು ಕೈಗರಗಸ, ಎಂಟು ಬಾಂಡ್ಲಿ ಸಾಕು. ಕೈಗವಸು ಮಾತ್ರ ಮೂವತ್ತು ಜೊತೆ, ಅದರಲ್ಲಿ ಹತ್ತಾದರೂ ಸಣ್ಣ ಅಳತೆಯವು. ಎಲ್ಲ ದೊಡ್ಡವನ್ನೇ ತಂದರೆ ಸಣ್ಣ ಕೈಯವರು ಕಳಚಿಟ್ಟು ಬರಿಗೈಯಲ್ಲಿ ಮುಳ್ಳು ಹಿಡಿಯುತ್ತಾರೆ.

ಗೋಡೆಗೆ ಹಲಗೆ ಹೊಡೆದು, ಪ್ರತಿ ಸಲಕರಣೆಯ ಆಕಾರವನ್ನು ಅದರ ಮೊಳೆಯ ಕೆಳಗೆ ಬಣ್ಣದಲ್ಲಿ ಬರೆದಿಡಿ. ಯಾವುದು ವಾಪಸು ಬಂದಿಲ್ಲ ಎಂದು ಲೆಕ್ಕ ಹಾಕುವ ಕೆಲಸವೇ ಇರುವುದಿಲ್ಲ. ಕಾವಿಗೆ ಕೆಂಪು ಅಥವಾ ಹಳದಿ ಪಟ್ಟಿ ಬಳಿಯಿರಿ. ಹುಲ್ಲಿನಲ್ಲಿ ಬಿಟ್ಟುಬಂದ ಕುಡುಗೋಲು ಯಾರದೋ ಕಾಲು ಸೀಳುವ ಮೊದಲು ಕಾಣಿಸುತ್ತದೆ.

ಗುದ್ದಲಿ ಕಾವು ಪದೇ ಪದೇ ಸಡಿಲ ಆಗ್ತದೆ. ನೀರಲ್ಲಿ ನೆನೆಹಾಕಿದ್ರೆ ಸರಿ ಹೋಗಲ್ವಾ?

ಆ ದಿನಕ್ಕೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುವುದರಿಂದ ಕಾವು ಸಡಿಲಾಗುವುದು. ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ, ಆದರೆ ಕಬ್ಬಿಣದ ಕಣ್ಣಿನೊಳಗೆ ಉಬ್ಬಲು ಜಾಗವಿಲ್ಲದೆ ಮರದ ನಾರು ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ಚೆನ್ನಾಗಿ ಒಣಗಿದ ಜಾಲಿಯ ಕಾವು ಹಾಕಿಸಿ, ತುದಿಯಲ್ಲಿ ಸೀಳಿ ಗಟ್ಟಿ ಮರದ ಬೆಣೆ ಹೊಡೆಯಿರಿ. ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಸವರಿ.

ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ. ಒಣಹುಲ್ಲಿನ ಪಕ್ಕದ ಶೆಡ್ಡಿನಲ್ಲಿ ಇದು ಸಣ್ಣ ವಿಷಯವಲ್ಲ.

## ಜನ

ಮೊದಲ ವಾರ ನಲವತ್ತು ಜನ ಬಂದ್ರು, ಮೂರನೇ ವಾರ ನಾಲ್ಕು. ಎಲ್ಲಿ ತಪ್ಪಿದ್ವಿ?

ಬಂದವರು ಮೊದಲ ಅರ್ಧ ಗಂಟೆ ಏನು ಮಾಡಿದರು? ಹೆಚ್ಚಿನ ಕಡೆ ಉತ್ತರ: ನಿಂತಿದ್ದರು. ಒಬ್ಬರು ಭಾಷಣ ಮಾಡಿದರು, ಇನ್ನೊಬ್ಬರು ಬೀಗದ ಕೈ ತರಲು ಹೋದರು, ಆಮೇಲೆ ಗುದ್ದಲಿ ಸಾಲದೆ ಹತ್ತು ಜನ ಕೈಕಟ್ಟಿ ನೋಡಿದರು, ಕೊನೆಗೆ ಗುಂಪು ಫೋಟೋ. ದುಡಿದು ಸುಸ್ತಾಗಿ ಬಿಟ್ಟವರಿಗಿಂತ ಕೆಲಸ ಸಿಗದೆ ಬಿಟ್ಟವರೇ ಎಲ್ಲೆಡೆ ಹೆಚ್ಚು.

ಹಿಂದಿನ ದಿನವೇ ಮುಂದಾಳು ಜಾಗಕ್ಕೆ ಹೋಗಿ ದಾರ ಕಟ್ಟಿ ಗುರುತು ಮಾಡಿ ಬರಬೇಕು: ಇವತ್ತು ಇಲ್ಲಿಂದ ಇಲ್ಲಿವರೆಗೆ. ಐದಾರು ಜನಕ್ಕೊಬ್ಬ ಗುಂಪಿನ ಹಿರಿಯ. ಕೆಲಸ ಮೂರು ತೂಕದ್ದು ತಯಾರಿರಲಿ: ಅಗೆಯುವಂಥದ್ದು, ಬಗ್ಗಿ ಆಯುವಂಥದ್ದು, ಕೂತು ಮಾಡುವಂಥದ್ದು. ಬೀಜ ಬಿಡಿಸುವುದು, ಫಲಕ ಬರೆಯುವುದು, ಎಣಿಕೆ ಪುಸ್ತಕ ತುಂಬುವುದು ಮಂಡಿನೋವಿನ ಅಜ್ಜಿಯೂ ಮಾಡುವ ಕೆಲಸ. ಅವರೇ ತಪ್ಪದೆ ಬರುವವರು ಕೂಡ. ಹೊಸಬರು ಬಂದು ಹತ್ತು ನಿಮಿಷದೊಳಗೆ ಅವರ ಕೈಗೊಂದು ಕೆಲಸ ಸಿಗಬೇಕು, ಅವರ ಹೆಸರು ಇಬ್ಬರಿಗಾದರೂ ಗೊತ್ತಾಗಬೇಕು.

ಕೆಲಸದಿಂದ ಏನಾಯಿತೆಂದು ಕಾಣದಿದ್ದರೂ ಜನ ಬಿಡುತ್ತಾರೆ. ಒಂದು ಕಲ್ಲಿಗೆ ಬಣ್ಣ ಬಳಿದು, ಅದರ ಮೇಲೆ ನಿಂತು ಪ್ರತಿ ತಿಂಗಳ ಮೊದಲ ವಾರ ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಆರು ಫೋಟೋ ಸಾಲಾಗಿ ಅಂಟಿಸಿದ ದಿನ ಯಾರೂ ವಿವರಿಸಬೇಕಾಗುವುದಿಲ್ಲ. ಮುಗಿಸುವ ಹೊತ್ತು ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಮುಗಿಸಿ. ಕೊನೆಗೆ ಅವಲಕ್ಕಿ, ಕಾಫಿ. ಸ್ಟೀಲ್ ತಟ್ಟೆ ಲೋಟ ಮೂವತ್ತು ಕೊಂಡಿಟ್ಟರೆ ಕಸದ ತಲೆನೋವೇ ಇಲ್ಲ.

ಊರೋರು ಒಬ್ರೂ ಬರಲ್ಲ, ಬರೋರೆಲ್ಲ ಬೆಂಗ್ಳೂರು ಮೈಸೂರಿನೋರು. ಏನ್ ಮಾಡೋದಣ್ಣ?

ಭಾನುವಾರ ಬೆಳಗ್ಗೆ ಊರಿನವರಿಗೆ ರಜೆ ಎಂದು ಹೇಳಿದವರು ಯಾರು? ಹಾಲು ಹಾಕಬೇಕು, ದನ ಬಿಡಬೇಕು, ಗದ್ದೆಗೆ ನೀರು ಕಟ್ಟಬೇಕು. ನಾಟಿ, ಕೊಯ್ಲು, ಜಾತ್ರೆ ನೋಡಿಕೊಂಡು ಅವರನ್ನೇ ಕೇಳಿ ಹೊತ್ತು ಗೊತ್ತುಮಾಡಿ. ಬಹಳ ಊರುಗಳಲ್ಲಿ ಅದು ಸಂಜೆಯಾಗಿರುತ್ತದೆ.

ಅದಕ್ಕಿಂತ ಮೊದಲು ಅವರ ದೂರು ಕೇಳಬೇಕು. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಮನೆಯಂಗಳದ ಹುಣಸೆ, ಅತ್ತಿ, ಅರಳಿ ಮರಗಳಲ್ಲೇ. ಹಿಕ್ಕೆಯಿಂದ ಹುಣಸೆ ಫಸಲು ಕೆಡುತ್ತದೆ, ವಾಸನೆ ತಡೆಯಬೇಕು. ಅದೇ ಹಿಕ್ಕೆ ಹೊಲಕ್ಕೆ ಗೊಬ್ಬರವೂ ಆಗಿದೆ. ಆ ಊರಿನಲ್ಲಿ ಬಿದ್ದ ಮರಿಗಳನ್ನು ಎತ್ತಿ ಸಾಕುವ ಕೆಲಸವನ್ನು ಊರಿನ ಹುಡುಗರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ ಮಾಡಿತು. ಹೊರಗಿನವರು ತರಬೇತಿ, ಸಲಹೆ ಕೊಡಬಹುದು, ಮುಂದಾಳತ್ವ ಊರಿನದಾಗಿರಲಿ. ನಿಮ್ಮಲ್ಲಿ ಮೀನುಗಾರರು, ಕುರಿಗಾಹಿಗಳು ಇದ್ದರೆ ಅವರನ್ನು ಕರೆಯದೆ ಕೆರೆಯ ಸುತ್ತ ಬೇಲಿ ಹಾಕುವ ಮಾತು ಎತ್ತಬೇಡಿ. ತಿಂಡಿ, ಸಸಿ, ಕಾವು ಹಾಕುವ ಕೆಲಸ ಎಲ್ಲವನ್ನೂ ಊರಿನಲ್ಲೇ ದುಡ್ಡು ಕೊಟ್ಟು ಮಾಡಿಸಿ. ದಿನಗೂಲಿ ಬಿಟ್ಟು ಬರುವವರಿಂದ ಪುಕ್ಕಟೆ ಸೇವೆ ಕೇಳುವುದು ಸರಿಯೂ ಅಲ್ಲ.

ಶಾಲೆ ಮಕ್ಕಳನ್ನ ಕರ್ಕೊಂಡು ಬರಬಹುದಾ ಮೇಡಂ?

ಬರಬಹುದು. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಯಾವ ಹೊತ್ತಿನಲ್ಲೂ ಕನಿಷ್ಠ ಇಬ್ಬರು ದೊಡ್ಡವರು ಒಟ್ಟಿಗೆ. ಒಬ್ಬರೇ ಒಂದು ಮಗುವಿನ ಜೊತೆ ಮರೆಗೆ ಹೋಗುವುದು ಬೇಡ. ಪೋಷಕರ ಸಹಿಯ ಪತ್ರದಲ್ಲಿ ಅಲರ್ಜಿ, ಆಸ್ತಮಾ, ಫೋನ್ ನಂಬರ್ ಇರಲಿ. ಮಚ್ಚು, ಪಿಕಾಸಿ, ನೀರಂಚಿನ ಕೆಲಸ ಮಕ್ಕಳಿಗಿಲ್ಲ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಒಳಗೊಳಗೇ ಮಾತಾಡಿ ಮುಗಿಸುವ ಹಕ್ಕು ಯಾವ ಗುಂಪಿಗೂ ಇಲ್ಲ.

## ಅಪಾಯ, ವಿಮೆ

ಹಾವು ಕಚ್ಚಿದರೆ ಮೊದಲು ಎಂತ ಮಾಡುವುದು?

ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ಓಡಾಡಲು ಬಿಡಬೇಡಿ. ಉಂಗುರ, ಬಳೆ, ಕಾಲುಂಗುರ, ಶೂ ತೆಗೆಯಿರಿ, ಆಮೇಲೆ ಬಾವು ಬಂದರೆ ತೆಗೆಯಲಾಗದು. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕೊಟ್ಟು ಅಲುಗದಂತೆ ಸಡಿಲವಾಗಿ ಕಟ್ಟಿ. 108ಕ್ಕೆ ಫೋನ್ ಮಾಡಿ, ಅದು ತಡವೆಂದು ಕಂಡರೆ ಸಿಕ್ಕ ವಾಹನದಲ್ಲಿ ಹೊರಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಮದ್ದು, ಹಾವನ್ನು ಹಿಡಿಯಲು ಹೋಗುವುದು ಯಾವುದೂ ಬೇಡ. ನಾಗರ, ಕಟ್ಟುಹಾವು (ಕ್ರೈಟ್), ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ, ಹಾಗಾಗಿ ಹಾವನ್ನು ತೋರಿಸುವ ಅಗತ್ಯವಿಲ್ಲ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಇಲ್ಲದಿರಬಹುದು, ಆದ್ದರಿಂದ "ಏನೂ ಆಗಿಲ್ಲ" ಎಂದು ಮನೆಗೆ ಕಳಿಸಬಾರದು.

ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ, ಅಲ್ಲಿಗೆ ಎಷ್ಟು ನಿಮಿಷ ಎಂದು ಮೊದಲೇ ವಿಚಾರಿಸಿ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಯಿರಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ, ಮೂರು ತಿಂಗಳಿಗೊಮ್ಮೆ ಕೇಳಿ ತಿದ್ದಿ.

ಮಲೆನಾಡಿನವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚದಂತೆ ತುಂಬುತೋಳಿನ ಬಟ್ಟೆ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸುವುದು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳುವುದು ಕಡ್ಡಾಯವೆಂದೇ ಇಟ್ಟುಕೊಳ್ಳಿ. ಸತ್ತ ಮಂಗ ಕಂಡರೆ ಆ ಜಾಗದ ಕೆಲಸ ನಿಲ್ಲಿಸಿ ಇಲಾಖೆಗೆ ತಿಳಿಸಿ.

ಬಿಸಿಲಿಗೆ ತಲೆಸುತ್ತಿ ಬಿದ್ದರೆ?

ನೆರಳು, ಒದ್ದೆ ಬಟ್ಟೆ, ಗಾಳಿ. ಎಚ್ಚರವಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಮೈ ಕೆಂಡದಂತಿದ್ದರೆ ಆಸ್ಪತ್ರೆ.

ಸ್ವಯಂಸೇವಕರಿಗೆ ವಿಮೆ ಮಾಡಿಸೋಕೆ ದುಡ್ಡಿಲ್ಲ. ಬೇರೆ ದಾರಿ ಇದ್ಯಾ?

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ ₹20 ಕಟ್ಟಿದರೆ ಅಪಘಾತದ ಸಾವಿಗೆ ಅಥವಾ ಪೂರ್ಣ ಅಂಗವೈಕಲ್ಯಕ್ಕೆ ₹2 ಲಕ್ಷ ಸಿಗುತ್ತದೆ. 18ರಿಂದ 70 ವರ್ಷದವರು, ಬ್ಯಾಂಕ್ ಖಾತೆ ಇರುವವರು ಸೇರಬಹುದು. ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದೆ ಹಲವರ ವಿಮೆ ತಪ್ಪಿಹೋಗುತ್ತದೆ, ಕೇಂದ್ರದಿಂದ ನೆನಪಿಸಿ. ಹಾವು ಕಡಿತ, ಮರದಿಂದ ಬಿದ್ದಂಥ ಸಂದರ್ಭದಲ್ಲಿ ತಕ್ಷಣದ ಆಸ್ಪತ್ರೆ ದಾಖಲೆ ಬೇಕು. ಆಸ್ಪತ್ರೆ ಖರ್ಚನ್ನು ಇದು ಕೊಡುವುದಿಲ್ಲ, ಅದಕ್ಕೆ ಸಣ್ಣದೊಂದು ತುರ್ತುನಿಧಿ ಬೇರೆ ಇಡಿ.

## ನೆಲದ ಮೇಲಿನ ಕೆಲಸ

ಲಂಟಾನ ಕಡಿದಷ್ಟೂ ದುಪ್ಪಟ್ಟು ಚಿಗುರ್ತದೆ. ಸುಟ್ಟುಬಿಡೋದೇ ವಾಸಿ ಅಲ್ವಾ?

ಸುಟ್ಟರೆ ಇನ್ನೂ ಚಿಗುರುತ್ತದೆ, ಮೀಸಲಿನಲ್ಲಿ ಬೆಂಕಿ ಹಚ್ಚುವುದು ಅಪರಾಧ ಕೂಡ. ಮೊಳಕೈ ಎತ್ತರಕ್ಕೆ ಮಚ್ಚಿನಿಂದ ಕಡಿದರೆ ನೀವು ಅದಕ್ಕೆ ಸವರುವ ಸೇವೆ ಮಾಡಿದಂತೆ. ಚಿಗುರು ಹೊರಡುವುದು ಕಾಂಡ ಬೇರಿಗೆ ಕೂಡುವ ಗಂಟಿನಿಂದ. ಆ ಗಂಟಿಗಿಂತ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು.

ಇಬ್ಬರ ಜೋಡಿ ಮಾಡಿ. ಒಬ್ಬರು ಕವೆಗೋಲಿನಿಂದ ಪೊದೆಯನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಪಿಕಾಸಿಯ ಅಗಲ ಬಾಯಿಯಿಂದ ಬೇರನ್ನು ಹೊಡೆಯುತ್ತಾರೆ. ಕಿತ್ತ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗು ಮಾಡಿಡಿ. ನೆಲಕ್ಕೆ ತಾಗಿದ ಬೇರು ಮಳೆ ಬಿದ್ದರೆ ಮತ್ತೆ ಹಿಡಿದುಕೊಳ್ಳುತ್ತದೆ. ಕಾಯಿ ಹಣ್ಣಾಗುವ ಮೊದಲೇ ಮಾಡಿ.

ಹೆಚ್ಚಿನ ಗುಂಪುಗಳು ಸೋಲುವುದು ಆಮೇಲೆ. ಹಕ್ಕಿ ಕೂರುವ ಮರಗಳ ಅಡಿಯಲ್ಲಿ, ನೀರಿನ ತೊರೆಯ ಅಂಚಿನಲ್ಲಿ ಸಾವಿರಾರು ಸಸಿ ಏಳುತ್ತವೆ. ಮುಂದಿನ ಎರಡು ಮಳೆಗಾಲ ಅವನ್ನು ಕೈಯಲ್ಲಿ ಕೀಳುವವರು ಇದ್ದರೆ ಮಾತ್ರ ಕೆಲಸ ಕೈಗೆತ್ತಿಕೊಳ್ಳಿ. ಕಾಲು ಎಕರೆ ಪೂರ್ತಿ ಮಾಡಿ ಅಲ್ಲಿ ಊರ ಹುಲ್ಲಿನ ಬೀಜ ಎರಚುವುದು, ಐದು ಎಕರೆ ಕಡಿದು ಬಿಡುವುದಕ್ಕಿಂತ ಮೇಲು. ತೆಗೆಯುವ ಮೊದಲು ಪೊದೆಯಲ್ಲಿ ಗೂಡಿದೆಯೇ ಎಂದು ನೋಡಿ. ಇಡೀ ಗುಡ್ಡವನ್ನು ಒಂದೇ ವರ್ಷ ಬೋಳು ಮಾಡಿದರೆ ಅದನ್ನೇ ಮರೆಯಾಗಿಸಿಕೊಂಡ ಮೊಲ, ಗೌಜಲಕ್ಕಿಗೆ ನೆಲೆ ಇರುವುದಿಲ್ಲ.

ಕಾಂಗ್ರೆಸ್ ಗಿಡವಾದರೆ ಮಳೆ ಬಂದು ಮಣ್ಣು ಮೆತ್ತಗಿರುವಾಗ, ಹೂವಿಗೆ ಮೊದಲು, ಬೇರು ಸಮೇತ ಕೀಳಬೇಕು. ಕೈಗವಸು, ಮುಖಗವಸು ಬೇಕೇಬೇಕು. ಆಸ್ತಮಾ, ಚರ್ಮದ ಅಲರ್ಜಿ ಇರುವವರಿಗೆ ಆ ದಿನ ಬೇರೆ ಕೆಲಸ ಕೊಡಿ.

ಜೂನ್ 5ಕ್ಕೆ ಸಾವಿರ ಗಿಡ ನೆಡೋಣ ಅಂತಿದೀವಿ. ಹೇಗೆ ತಯಾರಿ ಮಾಡ್ಕೊಳ್ಳೋದು?

ಗಿಡ ಬೇಕಾದ ಜಾಗವೇ ಅದು ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಮಧುಗಿರಿ ತಾಲ್ಲೂಕಿನ ಜಯಮಂಗಲಿ ಕೃಷ್ಣಮೃಗ ಮೀಸಲಿನಂಥ ಹುಲ್ಲುಗಾವಲಿನಲ್ಲಿ ಮರ ನೆಟ್ಟರೆ ಕೃಷ್ಣಮೃಗದ ಮನೆಯನ್ನೇ ಕಿತ್ತುಕೊಂಡಂತೆ. ಅದು ಬಯಲಿನಲ್ಲಿ ದೂರ ನೋಡಿ, ಓಡಿ ಬದುಕುವ ಪ್ರಾಣಿ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿಗೂ ತೆರೆದ ದಂಡೆ, ತೆರೆದ ಹೊಲ ಬೇಕು. "ಖಾಲಿ ಜಾಗ" ಎಂಬ ಕಣ್ಣೇ ಇಲ್ಲಿ ಹಾನಿ ಮಾಡುವುದು.

ನೆಡಲೇಬೇಕಾದ ಕಡೆ, ಸಾವಿರದ ಬದಲು ನೂರು ನೆಡಿ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲ್‌ನಲ್ಲೇ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣು ಒಂದು ಕಡೆ, ಒಳಮಣ್ಣು ಇನ್ನೊಂದು ಕಡೆ. ತಾರೀಖು ನೋಡಿ ನೆಡಬೇಡಿ, ಮಣ್ಣು ಒಂದು ಗೇಣು ಆಳ ನೆಂದ ಮೇಲೆ ನೆಡಿ. ಚೀಲವನ್ನು ಪೂರ್ತಿ ಸೀಳಿ ತೆಗೆಯಿರಿ. ತಳ ಹರಿದು ಹಾಗೇ ಹೂತವುಗಳ ಬೇರು ಸುರುಳಿ ಸುತ್ತಿಕೊಂಡು ಮೂರನೇ ವರ್ಷ ಗಾಳಿಗೆ ಬೀಳುತ್ತವೆ. ಎರಡು ಬೇಸಿಗೆ ನೀರು ಹಾಕುವವರ ಹೆಸರು ಪಟ್ಟಿಯಲ್ಲಿ ಬರೆಸಿಕೊಂಡು ಆಮೇಲೆ ಸಸಿ ತನ್ನಿ.

ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿ ಸಿಕ್ಕಿದರೆ ಸ್ವಯಂಸೇವಕರು ಎತ್ತಬಹುದೇ?

ಅರಣ್ಯ ಇಲಾಖೆ ಒಪ್ಪಿ, ತರಬೇತಿ ಪಡೆದವರು ಮಾತ್ರ. ಉಳಿದವರ ಕೆಲಸ ನಾಯಿ, ಜನರನ್ನು ದೂರವಿಟ್ಟು ಇಲಾಖೆಯ 1926 ಸಹಾಯವಾಣಿಗೆ ತಿಳಿಸುವುದು.

ಎತ್ತುವವರಿಗೆ ಗೊತ್ತಿರಬೇಕಾದ ಒಂದು ಸಂಗತಿ: ಹೆಜ್ಜಾರ್ಲೆಯ ಮೂಗಿನ ಹೊಳ್ಳೆಗಳು ಹೊರಕ್ಕೆ ತೆರೆದಿರುವುದಿಲ್ಲ, ಅದು ಬಾಯಿಂದಲೇ ಉಸಿರಾಡುತ್ತದೆ. ಕುಕ್ಕೀತೆಂದು ಕೊಕ್ಕಿಗೆ ಪಟ್ಟಿ ಸುತ್ತಿದರೆ ಉಸಿರುಗಟ್ಟಿ ಸಾಯುತ್ತದೆ. ಕೊಕ್ಕಿನ ನಡುವೆ ಒಂದು ಬೆರಳು ಇಟ್ಟು ಹಗುರವಾಗಿ ಹಿಡಿದು, ಮೈಯನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಗಾಳಿಯಾಡುವ ದೊಡ್ಡ ರಟ್ಟಿನ ಪೆಟ್ಟಿಗೆಗೆ ಇಳಿಸಿ. ಕೊಕ್ಕರೆ ಮರಿಯಾದರೆ ಅದು ಕಣ್ಣಿಗೇ ಕುಕ್ಕುವುದು, ಕನ್ನಡಕ ಹಾಕಿ. ಬಾಯಿಗೆ ನೀರು ಹೊಯ್ಯಬೇಡಿ.

ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ಮುಟ್ಟದೆ, ಫೋಟೋ ತೆಗೆದು, ಪಶುವೈದ್ಯರಿಗೂ ಇಲಾಖೆಗೂ ತಿಳಿಸಿ. ಕೊಕ್ಕರೆ ಬೆಳ್ಳೂರಿನಲ್ಲಿ 2017–18ರಲ್ಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ತಾಗ ಮೊದಲ ಅನುಮಾನ ಹೋದದ್ದು ಹಕ್ಕಿಜ್ವರದ ಕಡೆ, ಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯಲ್ಲಿನ ದುಂಡುಹುಳು. ಪರೀಕ್ಷೆಗೆ ಮೊದಲು ಹೂತುಹಾಕಿದರೆ ಕಾರಣವೂ ಅದರೊಟ್ಟಿಗೆ ಹೋಗುತ್ತದೆ.

ಹಕ್ಕಿ ಎಣಿಸಿ ಬರೆದಿಡ್ತೀವಿ, ಆದ್ರೆ ಆ ಪುಸ್ತಕ ಯಾರಿಗೂ ಉಪಯೋಗ ಆಗ್ತಿಲ್ಲ.

"ಇವತ್ತು ತುಂಬಾ ಹಕ್ಕಿ" ಎಂದು ಬರೆದದ್ದು ಯಾರಿಗೂ ಉಪಯೋಗವಾಗದು. ಒಂದೇ ದಾರಿ, ಒಂದೇ ಹೊತ್ತು, ಕನಿಷ್ಠ 15 ನಿಮಿಷ, ಕಂಡ ಮತ್ತು ಕೇಳಿದ ಎಲ್ಲ ಜಾತಿ, ಪ್ರತಿಯೊಂದರ ಸಂಖ್ಯೆ. ಅಪರೂಪದ್ದನ್ನಷ್ಟೇ ಬರೆದು ಕಾಗೆ, ಮೈನಾ ಬಿಟ್ಟರೆ ಪಟ್ಟಿ ಅಪೂರ್ಣ. ಹೀಗೆ ಮಾಡಿದ್ದನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಪೂರ್ಣ ಪಟ್ಟಿಯಾಗಿ ಸೇರಿಸಿ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೂ ನಿಮ್ಮ ಕೆರೆಯ ಅಂಕಿ ಹೋಗಲಿ. ಗೂಡಿನ ಕಾಲೊನಿಯ ನಿಖರ ಜಾಗ, ಗೂಡಿನ ಹತ್ತಿರದ ಫೋಟೋ ಮಾತ್ರ ಎಲ್ಲೆಡೆ ಹಂಚಬೇಡಿ.

## ಹಣ, ಕಾನೂನು, ಮುಂದಿನ ವರ್ಷಗಳು

ಸಂಘ ನೋಂದಣಿ ಮಾಡಿಸಲೇಬೇಕಾ?

ತಿಂಗಳ ಖರ್ಚು ಕಾಫಿ, ಕೈಗವಸಿಗೆ ಮುಗಿಯುವವರೆಗೆ ಬೇಡ. ಹೊರಗಿನ ಹಣ ಬರುವ ಹೊತ್ತಿಗೆ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಸದಸ್ಯರು ಬೇಕು. ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸುವ ಕೆಲಸವೂ ಅದರ ಜೊತೆ ಬರುತ್ತದೆ. ಯಾರೋ ಒಬ್ಬರ ಸ್ವಂತ ಖಾತೆಗೆ ದೇಣಿಗೆ ಹಾಕಿಸುವ ಅಭ್ಯಾಸ ಎಷ್ಟು ಪ್ರಾಮಾಣಿಕರ ಗುಂಪನ್ನೂ ಒಡೆಯುತ್ತದೆ.

ಒಂದು ಕಂಪನಿ ಸಿಎಸ್‌ಆರ್ ದುಡ್ಡು ಕೊಡ್ತೀನಿ ಅಂತಿದೆ. ಒಪ್ಪಿಕೊಳ್ಳೋಣ್ವಾ?

ಸಿಎಸ್‌ಆರ್ ಅಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವುದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್‌ನಡಿ ಪರಿಸರದ ಕೆಲಸಕ್ಕೆ ಆ ಹಣ ಬರಬಹುದು. ಆದರೆ 2021ರ ಏಪ್ರಿಲ್‌ನಿಂದ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ನೋಂದಾಯಿಸಿರಬೇಕು. ಆದಾಯ ತೆರಿಗೆ ರಿಯಾಯಿತಿಯ 12ಎ, 80ಜಿ ಮಾನ್ಯತೆ, ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಕೇಳುತ್ತಾರೆ.

ಕಂಪನಿಗಳಿಗೆ ಕಟ್ಟಡ, ಬೋರ್ಡು, ಸಾವಿರ ಗಿಡ ಇಷ್ಟ. ನಿಮಗೆ ಬೇಕಾದ್ದು ಮೂರು ವರ್ಷ ಒಬ್ಬ ಸ್ಥಳೀಯ ಸಂಯೋಜಕಿಯ ಸಂಬಳ, ಸಲಕರಣೆ ರಿಪೇರಿ, ಆಟೊ ಬಾಡಿಗೆ. ಆ ಪಟ್ಟಿಯನ್ನೇ ಮುಂದಿಡಿ. ನೂರೈವತ್ತು ನೌಕರರನ್ನು ಒಂದೇ ದಿನ ಕಳಿಸುತ್ತೇವೆ ಎಂದರೆ ಮೂವತ್ತರಂತೆ ಐದು ದಿನಕ್ಕೆ ಒಡೆಯಲು ಹೇಳಿ. ಗೂಡು ಕಟ್ಟುವ ತಿಂಗಳುಗಳಲ್ಲಿ ಬೇಡವೇ ಬೇಡ.

ಎಲ್ಲ ಒಬ್ರ ಮೇಲೇ ನಿಂತಿದೆ. ಅವರು ಬಿಟ್ಟುಹೋದ್ರೆ ಗತಿಯೇನು?

ಅವರು ಇರುವಾಗಲೇ ತಿಂಗಳಲ್ಲಿ ಒಂದು ವಾರ ಅವರಿಲ್ಲದೆ ನಡೆಸಿ. ಏನೆಲ್ಲ ಗೊತ್ತಿರಲಿಲ್ಲ ಎಂಬುದು ಆ ದಿನ ಹೊರಬೀಳುತ್ತದೆ: ಮೇಸ್ತ್ರಿಯ ನಂಬರ್, ಟ್ಯಾಂಕಿನ ವಾಲ್ವ್ ಎಲ್ಲಿ, ಯಾವ ಅಧಿಕಾರಿಗೆ ಯಾವ ಪತ್ರ. ಅದನ್ನೆಲ್ಲ ಗಟ್ಟಿ ರಟ್ಟಿನ ಒಂದು ಪುಸ್ತಕದಲ್ಲಿ ಕೈಬರಹದಲ್ಲೇ ಬರೆದಿಡಿ. ಫೋನಿನ ಗುಂಪಿನಲ್ಲಿ ಬರೆದದ್ದು ಫೋನ್ ಬದಲಾದರೆ ಸಿಗುವುದಿಲ್ಲ. ಮುಂದಾಳತ್ವ ವರ್ಷಕ್ಕೊಮ್ಮೆ ಬದಲಾಗಲಿ, ಹಳಬರು ಮೂರು ತಿಂಗಳು ಜೊತೆಗಿದ್ದು ಬಿಟ್ಟುಕೊಡಲಿ. ಬದಲಾವಣೆಗೆ ಮಳೆಗಾಲದ ಮೊದಲ ತಿಂಗಳು ಬೇಡ, ಆಗ ಕೆಲಸದ ಒತ್ತಡ ಹೆಚ್ಚು, ಸೆಪ್ಟೆಂಬರ್ ಅನುಕೂಲ. ಹಸ್ತಾಂತರದ ದಿನ ಸಲಕರಣೆ ಎಣಿಸಿ, ಲೆಕ್ಕಪುಸ್ತಕಕ್ಕೆ ಇಬ್ಬರೂ ಸಹಿ ಹಾಕಿ, ಬ್ಯಾಂಕಿನಲ್ಲಿ ಸಹಿ ಬದಲಾಯಿಸುವ ಅರ್ಜಿಯನ್ನು ಅದೇ ವಾರ ಕೊಡಿ. ಈ ಕೊನೆಯದನ್ನು ಮುಂದೂಡಿದ ಕಡೆ ಹಳೇ ಮುಂದಾಳನ್ನು ಹುಡುಕಿಕೊಂಡು ಬೇರೆ ಊರಿಗೆ ಹೋಗಿ ಚೆಕ್ಕಿಗೆ ಸಹಿ ಹಾಕಿಸಿಕೊಂಡು ಬರಬೇಕಾಗುತ್ತದೆ.